ಬಂದೂಕು ಕೆಳಗಿಟ್ಟ ಹುಡುಗನಿಗೆ ಕೆಲಸ ಕೊಡುವವರಾರು?

1993ನೇ ಇಸವಿಯ ಮಧ್ಯಭಾಗ. ಕೀನ್ಯಾ ದೇಶದ ಈಶಾನ್ಯ ಮೂಲೆಯಲ್ಲಿರುವ ವಾಜಿರ್ ಎಂಬ ಪಟ್ಟಣದಲ್ಲಿ ಒಂದು ರಾತ್ರಿ ಗುಂಡಿನ ಸದ್ದು ಕೇಳಿಸಿತು. ದೂರದಲ್ಲಲ್ಲ, ಮನೆಯ ಪಕ್ಕದಲ್ಲೇ. ಒಳಗಿದ್ದ ಯುವತಿ ತನ್ನ ಚೊಚ್ಚಲ ಮಗಳನ್ನು ಎದೆಗವಚಿಕೊಂಡು ಮಂಚದ ಕೆಳಗೆ ನುಸುಳಿದಳು. ಗುಂಡುಗಳು ಕೋಣೆಯನ್ನು ಹಾದು ಹೋಗುತ್ತಿದ್ದವು. ಗಂಟೆಗಟ್ಟಲೆ ತಾಯಿ ಮಗಳು ಅಲ್ಲೇ ಉಸಿರು ಬಿಗಿಹಿಡಿದು ಮಲಗಿದ್ದರು.

ಬೆಳಗಾದ ಮೇಲೆ ಆ ಯುವತಿಯ ತಾಯಿ ಒಂದು ಹಳೆಯ ಸಂಗತಿಯನ್ನು ನೆನಪಿಸಿಕೊಂಡರು. 1966ರಲ್ಲಿ, ಈ ಯುವತಿಯೇ ಪುಟ್ಟ ಮಗುವಾಗಿದ್ದಾಗ, ಅವಳನ್ನು ಎತ್ತಿಕೊಂಡು ತಾನೂ ಹೀಗೆಯೇ ಮಂಚದ ಕೆಳಗೆ ಅಡಗಿದ್ದೆ ಎಂದರು. ಆಗಲೂ ಹೊರಗೆ ಇದೇ ಸದ್ದು ಇತ್ತು.

ಅಜ್ಜಿ, ತಾಯಿ, ಮೊಮ್ಮಗಳು. ಮೂರು ತಲೆಮಾರು, ಅಡಗುವ ಜಾಗ ಮಾತ್ರ ಒಂದೇ. ನಾಳೆ ಈ ಮಗುವೂ ತನ್ನ ಮಗುವನ್ನು ಎತ್ತಿಕೊಂಡು ಮಂಚದ ಕೆಳಗೆ ಹೋಗಬೇಕೇ ಎಂಬ ಪ್ರಶ್ನೆ ಆ ಯುವತಿಯನ್ನು ಬಿಡಲಿಲ್ಲ. ಅವರ ಹೆಸರು ದೇಖಾ ಇಬ್ರಾಹೀಮ್ ಅಬ್ದಿ. 1964ರಲ್ಲಿ ವಾಜಿರ್‌ನಲ್ಲೇ ಹುಟ್ಟಿದವರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ, ಹಿಂದೆ ಯಾವ ಪಕ್ಷವೂ ಇರಲಿಲ್ಲ. ಆದರೂ ಅವರು ಮತ್ತು ಅವರ ಕೆಲವು ಗೆಳತಿಯರು ಒಂದು ಜಿಲ್ಲೆಯಲ್ಲಿ ನಡೆಯುತ್ತಿದ್ದ ರಕ್ತಪಾತವನ್ನು ನಿಲ್ಲಿಸಿದರು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ನಿಮಗೆ ಹೇಳಬೇಕೆನಿಸಿತು. ಏಕೆಂದರೆ ಈ ಕಥೆಯ ಬಹುಪಾಲು ನಡೆದದ್ದು ಸಭಾಂಗಣಗಳಲ್ಲಲ್ಲ. ಮದುವೆ ಮನೆಯಲ್ಲಿ, ಹಾಲು ತರಕಾರಿ ಮಾರುವ ಕಡೆಯಲ್ಲಿ, ಮಗನ ದಾರಿ ಕಾಯುವ ತಾಯಂದಿರ ಅಂಗಳದಲ್ಲಿ.

ಮೊದಲು ಆ ಊರಿನ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ. ವಾಜಿರ್ ಎಂಬ ಹೆಸರಿಗೆ ಒಟ್ಟು ಸೇರುವುದು ಎಂದು ಅರ್ಥ ಹೇಳುತ್ತಾರೆ. ಆ ಒಣ ನೆಲದಲ್ಲಿ ಹೆಚ್ಚು ಆಳವಿಲ್ಲದ ಬಾವಿಗಳಿದ್ದುದರಿಂದ ಒಂಟೆ, ದನ, ಆಡುಗಳನ್ನು ಅಟ್ಟಿಕೊಂಡು ಅಲೆಯುವ ಕುಲಗಳೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದವು. ಜನರಲ್ಲಿ ಹೆಚ್ಚಿನವರು ಸೋಮಾಲಿ ಭಾಷೆಯನ್ನಾಡುವವರು, ಬಹುತೇಕ ಎಲ್ಲರೂ ಮುಸ್ಲಿಮರು. ಅಜುರಾನ್, ದೆಗೋದಿಯಾ, ಒಗಾಡೇನ್ ಎಂಬುವು ದೊಡ್ಡ ಕುಲಗಳು. ಒಂದೇ ಕಿಬ್ಲಾದತ್ತ ಮುಖ ಮಾಡಿ ನಮಾಝ್ ಮಾಡುವವರು. ಆದರೆ ಹೊರಗೆ ಬಂದರೆ ಒಬ್ಬರ ನೆರಳು ಇನ್ನೊಬ್ಬರಿಗಾಗದ ಕಾಲವೊಂದು ಬಂತು.

ಈ ಜಗಳದ ಬೇರು ಬರಿಯ ಕುಲದ್ವೇಷವಲ್ಲ. ಕೀನ್ಯಾ 1963ರಲ್ಲಿ ಸ್ವತಂತ್ರವಾದಾಗ ಈ ಭಾಗದ ಬಹಳಷ್ಟು ಜನ ಸೋಮಾಲಿಯಾದೊಂದಿಗೆ ಸೇರಬಯಸಿದ್ದರು. ಅದರಿಂದ ಹುಟ್ಟಿದ ಹೋರಾಟ 1967ರವರೆಗೆ ನಡೆಯಿತು. ದೇಖಾರ ತಾಯಿ ಮಂಚದ ಕೆಳಗೆ ಅಡಗಿದ್ದು ಆ ದಿನಗಳಲ್ಲಿ. ಹೋರಾಟ ನಿಂತರೂ ತುರ್ತು ಪರಿಸ್ಥಿತಿಯ ಕಾನೂನು ಮಾತ್ರ 1991ರವರೆಗೂ ಆ ಪ್ರಾಂತದ ಮೇಲೆ ಹಾಗೆಯೇ ಇತ್ತು. 1965ರಲ್ಲಿ ಸರಕಾರ ಒಂದು ನೀತಿಯನ್ನು ರೂಪಿಸಿತು. ಮಳೆ, ಬೆಳೆ, ರಸ್ತೆ ಇರುವ ಕಡೆಗೇ ಹಣ ಹಾಕಿದರೆ ದೇಶ ಬೇಗ ಬೆಳೆಯುತ್ತದೆ ಎಂಬುದು ಅದರ ಸಾರ. ಉತ್ತರದ ಒಣ ನಾಡಿಗೆ ಶಾಲೆ, ಆಸ್ಪತ್ರೆ, ಡಾಂಬರು ಯಾವುದೂ ಬಾರದಿದ್ದುದಕ್ಕೆ ಕಾರಣ ಕಾಗದದ ಮೇಲೆಯೇ ಇದೆ. 1984ರ ಫೆಬ್ರವರಿಯಲ್ಲಿ ಸೈನಿಕರು ದೆಗೋದಿಯಾ ಕುಲದ ಗಂಡಸರನ್ನು ವಾಜಿರ್ ಸಮೀಪದ ವಗಲ್ಲಾ ವಿಮಾನಪಟ್ಟಿಗೆ ಒಯ್ದು, ದಿನಗಟ್ಟಲೆ ಬಿಸಿಲಿನಲ್ಲಿ ಕೂರಿಸಿ ಕೊಂದರು. ಸತ್ತವರು 57 ಜನ ಎಂದು ಸರಕಾರ ಬಹಳ ಕಾಲ ಹೇಳುತ್ತಾ ಬಂತು. ಸಂಖ್ಯೆ ಸಾವಿರದ ಹತ್ತಿರ ಎಂದು 2013ರಲ್ಲಿ ಸತ್ಯಶೋಧನಾ ಆಯೋಗದ ವರದಿ ಹೇಳಿತು.

1991ರಲ್ಲಿ ಗಡಿಯಾಚೆ ಸೋಮಾಲಿಯಾದ ಸರಕಾರ ಕುಸಿಯಿತು. ಅದೇ ವರ್ಷ ಇಥಿಯೋಪಿಯಾದ ಸರಕಾರವೂ ಬಿತ್ತು. ಎರಡೂ ಕಡೆಯ ಸೈನಿಕರ ಬಂದೂಕುಗಳು ಒಂಟೆಗಳ ಬೆನ್ನೇರಿ ಸಂತೆಗೆ ಬಂದವು. ನಿರಾಶ್ರಿತರು ಸಾಲುಗಟ್ಟಿದರು. ಸಾಲದೆಂಬಂತೆ 1991-92ರಲ್ಲಿ ಘೋರ ಬರಗಾಲ. ಜಾನುವಾರುಗಳು ಬಿದ್ದಲ್ಲೇ ಸತ್ತವು. 1992ರ ಡಿಸೆಂಬರ್‌ನಲ್ಲಿ ಚುನಾವಣೆ ಬಂದು ಕುಲದ ಹೆಸರಿನಲ್ಲಿ ಮತ ಕೇಳಿದವರು ಇದ್ದ ಉರಿಗೆ ತುಪ್ಪ ಸುರಿದರು.

ಈಗ ಒಬ್ಬ ಹದಿನೆಂಟರ ಹುಡುಗನನ್ನು ಕಲ್ಪಿಸಿಕೊಳ್ಳಿ. ತಂದೆಯ ದನಗಳು ಬರಗಾಲಕ್ಕೆ ಸತ್ತಿವೆ. ಶಾಲೆಯ ಮೆಟ್ಟಿಲು ಹತ್ತಿಲ್ಲ, ಹತ್ತಿದ್ದರೂ ಉದ್ಯೋಗವಿಲ್ಲ. ಒಂಟೆಗಳಿಲ್ಲದೆ ಮದುವೆಯೂ ಇಲ್ಲ, ವಧುವಿನ ಮನೆಗೆ ಕೊಡಬೇಕಾದದ್ದು ಅದನ್ನೇ. ಅವನ ಕೈಗೆ ಯಾರೋ ಬಂದೂಕು ಕೊಡುತ್ತಾರೆ. ಪಕ್ಕದ ಕುಲದ ಒಂಟೆಗಳು ಅಲ್ಲಿ ಮೇಯುತ್ತಿವೆ ಎಂದು ಬೆರಳು ತೋರಿಸುತ್ತಾರೆ. ಅವನಿಗೆ ಅದು ಯುದ್ಧವೆನಿಸುವುದಿಲ್ಲ. ಸಂಪಾದನೆ ಎನಿಸುತ್ತದೆ.

ಮೊದಲು ಮಾರುಕಟ್ಟೆ

ಆ ದಿನಗಳಲ್ಲಿ ದ್ವೇಷ ಎಲ್ಲಿಗೆ ಬಂದು ನಿಂತಿತ್ತೆಂದರೆ ಮಾರುಕಟ್ಟೆಯಲ್ಲಿ ಹೆಂಗಸರು ಬೇರೆ ಕುಲದವಳಿಂದ ಹಾಲು ಕೊಳ್ಳುತ್ತಿರಲಿಲ್ಲ, ಬೇರೆ ಕುಲದವಳಿಗೆ ಸಾಮಾನು ಮಾರುತ್ತಿರಲಿಲ್ಲ. ಒಂದು ಕುಲದವರು ಕುಳಿತ ಕಡೆ ಇನ್ನೊಂದು ಕುಲದವಳು ಕಾಲಿಟ್ಟರೆ ಜಗಳ, ಕೈಕೈ ಮಿಲಾಯಿಸುವಿಕೆ. ಕರ್ಫ್ಯೂ ಕಂಡ ಊರಿನ ಗೃಹಿಣಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಬಾರದ ಮನೆಯಲ್ಲಿ ಮೊದಲು ಅಳುವುದು ಮಗು.

ಇಂತಹ ಹೊತ್ತಿನಲ್ಲಿ ಒಂದು ಮದುವೆ ನಡೆಯಿತು. ಮದುವೆಯಾದ್ದರಿಂದ ಬೇರೆ ಬೇರೆ ಕುಲಗಳ ಹೆಂಗಸರು ಒಂದೆಡೆ ಸೇರಿದ್ದರು. ಸೇರಿದ ಹೆಂಗಸರು ಏನು ಮಾತಾಡುತ್ತಾರೋ ಅದನ್ನೇ ಇವರೂ ಮಾತಾಡಿದರು. ಯಾರ ಮಗ ಸತ್ತ, ಯಾರ ಮನೆ ಸುಟ್ಟುಹೋಯಿತು, ಯಾರ ಗಂಡ ಮನೆಗೆ ಬಂದಿಲ್ಲ. ದೇಖಾ ಮತ್ತು ಕೆಲವು ಗೆಳತಿಯರು ಆ ಮಾತನ್ನು ಅಲ್ಲಿಗೆ ಬಿಡಲಿಲ್ಲ. ಮತ್ತೆ ಮತ್ತೆ ಸೇರಿದರು. ಆರಂಭದಲ್ಲಿ ಅವರ ಸಂಖ್ಯೆ ಒಂದು ಡಜನ್ ಕೂಡ ಇರಲಿಲ್ಲ.

ಜಿಲ್ಲೆಯ ಜಗಳ ನಿಲ್ಲಿಸುತ್ತೇವೆಂದು ಅವರು ಹೊರಡಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ಅವರ ಮೊದಲ ಗುರಿ ತೀರಾ ಸಣ್ಣದು. ಯಾವ ಕುಲದ ಹೆಂಗಸಾದರೂ ಮಾರುಕಟ್ಟೆಗೆ ಬಂದು ನಿರ್ಭಯವಾಗಿ ಕೊಂಡು, ಮಾರಿ ಮನೆಗೆ ಹಿಂದಿರುಗಬೇಕು. ಅಷ್ಟೇ. ಅದಕ್ಕಾಗಿ ಎಲ್ಲ ಕುಲಗಳ ಹೆಂಗಸರಿಂದ ಕಾವಲುಗಾರ್ತಿಯರನ್ನು ಆರಿಸಿದರು. ಯಾರಾದರೂ ಬೈದರೆ, ತಳ್ಳಿದರೆ, ಮಾರಲು ನಿರಾಕರಿಸಿದರೆ ಇವರು ಅಲ್ಲಿಗೆ ಹೋಗಿ ಕೂತು ತೀರ್ಮಾನಿಸುತ್ತಿದ್ದರು. ಸ್ವಲ್ಪ ಕಾಲದಲ್ಲಿ ಮಾರುಕಟ್ಟೆ ಎಲ್ಲರದಾಯಿತು.

ಗುಂಪಿಗೆ ಸೇರಲು ಬರುವವರ ಮುಂದೆ ಅವರು ಒಂದು ಪ್ರಶ್ನೆ ಇಡುತ್ತಿದ್ದರು. ನನ್ನ ಕುಲದವರು ನಾಳೆ ನಿನ್ನ ಮನೆಯವರನ್ನು ಕೊಂದರೆ ನೀನು ನನ್ನ ಜೊತೆ ಕುಳಿತು ಈ ಕೆಲಸ ಮುಂದುವರಿಸುವೆಯಾ? ಹೌದು ಎನ್ನಲಾಗದವರು ಸೇರುವುದು ಬೇಡ. ಈ ಪ್ರಶ್ನೆಯನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ತುಸು ಹೊತ್ತು ಸುಮ್ಮನೆ ಕುಳಿತೆ. ನನ್ನಿಂದ ಹೌದು ಎನ್ನಲಾಗುತ್ತಿತ್ತೇ? ನಿಮ್ಮಿಂದ? ಶಾಂತಿಯ ಸಭೆಗಳಲ್ಲಿ ಹೂಗುಚ್ಛ ಕೊಡುವುದು ಸುಲಭ. ಇಂತಹ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟು ಒಳಗೆ ಬಂದವರ ಗುಂಪು ಒಂದೆರಡು ಕೊಲೆಗಳಿಗೆ ಒಡೆಯುವುದಿಲ್ಲ.

ಮಾರುಕಟ್ಟೆಯಾದ ಮೇಲೆ ಹಿರಿಯರ ಸರದಿ. ಜಗಳ, ರಾಜಿ, ಪರಿಹಾರ ಎಲ್ಲವೂ ಅಲ್ಲಿ ಕುಲದ ಹಿರಿಯರ ಕೈಯಲ್ಲಿ. ಆ ಸಭೆಯಲ್ಲಿ ಹೆಂಗಸರಿಗೆ ಜಾಗವಿಲ್ಲ. ನೇರವಾಗಿ ಹೋಗಿ ಉಪದೇಶ ಮಾಡಿದರೆ ಕೇಳುವವರಾರು? ಹಾಗಾಗಿ ಅವರು ಒಂದು ಉಪಾಯ ಮಾಡಿದರು. ಎಲ್ಲರಿಗಿಂತ ಸಣ್ಣ ಕುಲದ ಒಬ್ಬ ಹಿರಿಯರನ್ನು ಮಾತಾಡಲು ಒಪ್ಪಿಸಿದರು. ದೊಡ್ಡ ಕುಲದವರು ಬಾಯಿ ತೆರೆದರೆ ಇನ್ನೊಂದು ದೊಡ್ಡ ಕುಲಕ್ಕೆ ಸಂಶಯ. ಸಣ್ಣ ಕುಲದವರ ಬಗ್ಗೆ ಯಾರಿಗೂ ಭಯವಿಲ್ಲ. ಆ ಹಿರಿಯರು ಎದ್ದು ನಿಂತು, ಈ ಹೊಡೆದಾಟದಿಂದ ಲಾಭವಾದದ್ದು ಯಾರಿಗೆ, ನಾಶವಾದದ್ದು ಯಾರ ಮನೆ ಎಂದು ಕೇಳಿದರು. ಸಭೆಗೆ ಉತ್ತರ ಗೊತ್ತಿತ್ತು. ಹಿರಿಯರು ಅಲ್ ಫತಹ್ ಎಂಬ ಹೆಸರಿನಲ್ಲಿ ಒಟ್ಟುಗೂಡಿದರು. 1993ರ ಸೆಪ್ಟೆಂಬರ್‌ನಲ್ಲಿ ಅಲ್ ಫತಹ್ ಘೋಷಣೆ ಹೊರಬಿತ್ತು. ಕದ್ದ ಜಾನುವಾರುಗಳನ್ನು ಹಿಂದಿರುಗಿಸುವುದು ಹೇಗೆ, ಕೊಲೆಯಾದರೆ ಪರಿಹಾರ ಹೇಗೆ ಎಂಬುದಕ್ಕೆಲ್ಲ ಎಲ್ಲ ಕುಲಗಳೂ ಒಪ್ಪಿದ ಒಂದು ಕ್ರಮ ಬಂತು.

ಕಾಡಿನಲ್ಲಿದ್ದ ಮಕ್ಕಳು

ಆದರೆ ಹಿರಿಯರು ಸಹಿ ಹಾಕಿದ ಮಾತ್ರಕ್ಕೆ ಕಾಡಿನಲ್ಲಿರುವ ಹುಡುಗ ಬಂದೂಕು ಕೆಳಗಿಡುತ್ತಾನೆಯೇ? ಮನೆಯಲ್ಲಿ ಅಪ್ಪ ಒಪ್ಪಿದ ಎಷ್ಟು ಮಾತುಗಳನ್ನು ಬೆಳೆದ ಮಗ ನಡೆಸುತ್ತಾನೆಂದು ನಿಮಗೆ ಗೊತ್ತಿದೆ. ಹೆಂಗಸರಿಗೂ ಗೊತ್ತಿತ್ತು. ಅವರು ಕೆಲವು ಯುವಕರನ್ನು ಕಲೆ ಹಾಕಿ ಶಾಂತಿಗಾಗಿ ಯುವಕರು ಎಂಬ ಗುಂಪು ಕಟ್ಟಿದರು. ಹಿರಿಯರು, ಹೆಂಗಸರು, ಈ ಯುವಕರು ಎಲ್ಲರೂ ಸೇರಿ ಕುರುಚಲು ಕಾಡುಗಳಿಗೆ ಹೋಗಿ ಹೋರಾಟದಲ್ಲಿದ್ದ ಹುಡುಗರನ್ನು ಹುಡುಕಿ ಮಾತಾಡಿಸಿದರು. ಊರೂರು ಸುತ್ತಿ ತಾಯಂದಿರನ್ನು ಸೇರಿಸಿ ಅವರೊಡನೆಯೂ ಮಾತಾಡಿದರು.

ತಾಯಂದಿರೊಡನೆ ಏಕೆ? ಹುಡುಗ ದಾಳಿಗೆ ಹೊರಡುವಾಗ ಬುತ್ತಿ ಕಟ್ಟಿಕೊಡುವುದು ಯಾರು? ಅವನು ಅಟ್ಟಿಕೊಂಡು ಬಂದ ಒಂಟೆಯ ಹಾಲನ್ನು ಕರೆಯುವುದು ಯಾರು? ಹೋಗದವನನ್ನು ಹೆಂಗಸಿಗಿಂತ ಕಡೆ ಎಂದು ಹಂಗಿಸುವುದರಲ್ಲಿ ಹೆಂಗಸರೇ ಮುಂದಿರುತ್ತಾರೆ ಎಂಬುದು ಕುಲಕಾದಾಟದ ನಾಡುಗಳಲ್ಲೆಲ್ಲ ಇರುವ ಮಾತು. ಹೆಂಗಸರು ಸ್ವಭಾವತಃ ಶಾಂತಿಪ್ರಿಯರು ಎಂದು ನಾವು ನಮ್ಮ ಬಗ್ಗೆ ಹೇಳಿಕೊಳ್ಳುತ್ತೇವಲ್ಲ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ವಾಜಿರ್‌ನ ಮಾರುಕಟ್ಟೆಯಲ್ಲಿ ಜುಟ್ಟು ಹಿಡಿದವರೂ ಹೆಂಗಸರೇ, ಬಿಡಿಸಿದವರೂ ಹೆಂಗಸರೇ.

ಕಾಡಿನ ಹುಡುಗರು ಇವರ ಮಾತನ್ನು ಕೇಳಿದರು. ಕೇಳಿ ಒಂದು ನೇರವಾದ ಪ್ರಶ್ನೆ ಎತ್ತಿದರು. ಬಂದೂಕು ಬಿಡುತ್ತೇವೆ, ದಾಳಿ ಬಿಡುತ್ತೇವೆ, ಆಮೇಲೆ ಹೊಟ್ಟೆಗೇನು? ಕೆಲಸ ಕೊಡಿ.

ಇಲ್ಲಿಯೇ ಅನೇಕ ಶಾಂತಿ ಯೋಜನೆಗಳು ಮುಗ್ಗರಿಸುವುದು. ತರಬೇತಿ ಶಿಬಿರ ನಡೆಯುತ್ತದೆ, ಪ್ರಮಾಣಪತ್ರ ಹಂಚಲಾಗುತ್ತದೆ, ಭಾವಚಿತ್ರ ತೆಗೆಯಲಾಗುತ್ತದೆ, ಹುಡುಗ ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಾನೆ. ಮೂರು ತಿಂಗಳ ನಂತರ ಅದೇ ಬಂದೂಕು ಕೊಟ್ಟವನು ಮತ್ತೆ ಬರುತ್ತಾನೆ. ವಾಜಿರ್‌ನವರು ಹುಡುಗರ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ತಳ್ಳಲಿಲ್ಲ. ಊರಿನ ವ್ಯಾಪಾರಿಗಳ ಬಳಿಗೆ ಹೋದರು. ರಸ್ತೆಯಲ್ಲಿ ಲಾರಿ ಸುರಕ್ಷಿತವಾಗಿ ಬರಬೇಕಾದರೆ, ಅಂಗಡಿ ಬಾಗಿಲು ತೆರೆದಿರಬೇಕಾದರೆ ಈ ಹುಡುಗರಿಗೆ ಒಂದು ದಾರಿ ಮಾಡಿಕೊಡಿ ಎಂದು ಕೇಳಿದರು. ವ್ಯಾಪಾರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅವರ ನೆರವಿನಿಂದ ಪುನರ್ನಿರ್ಮಾಣದ ಕೆಲಸಗಳು, ಊರಲ್ಲೇ ಉದ್ಯೋಗಗಳು ಆರಂಭವಾದವು. ಬಂದೂಕು ಒಪ್ಪಿಸಿದವನಿಗೆ ಕೆಲಸ ಎಂಬ ಮಾತು ಹುಟ್ಟಿತು. ಆಕ್ಸ್‌ಫಾಮ್‌ನಂತಹ ಹೊರಗಿನ ಸಂಸ್ಥೆಗಳ ಸಹಾಯ ಬಂದದ್ದು ಅನಂತರ. ಮೊದಮೊದಲು ಓಡಾಟದ ಖರ್ಚು ಅವರವರ ಕೈಯದೇ.

ಬಂದೂಕುಗಳನ್ನು ಹಂತಹಂತವಾಗಿ ಒಪ್ಪಿಸುವ ಬಗ್ಗೆ, ಕದ್ದ ದನಗಳನ್ನು ಮರಳಿಸುವ ಬಗ್ಗೆ ಪೊಲೀಸರೊಂದಿಗೂ ಜಿಲ್ಲಾಡಳಿತದೊಂದಿಗೂ ಒಂದು ಏರ್ಪಾಡಾಯಿತು. ವಗಲ್ಲಾ ನಡೆದು ಹತ್ತು ವರ್ಷವೂ ಆಗಿರದ ಊರಿನಲ್ಲಿ ಖಾಕಿ ಸಮವಸ್ತ್ರದವರ ಜೊತೆ ಒಂದೇ ಚಾಪೆಯಲ್ಲಿ ಕೂರುವುದು ಎಷ್ಟು ಕಷ್ಟವಾಗಿರಬೇಕು! ಆದರೂ ಕುಳಿತರು. ಎಲ್ಲಾದರೂ ಕೊಲೆ ಅಥವಾ ದಾಳಿ ನಡೆದ ಸುದ್ದಿ ಬಂದರೆ ಹಿರಿಯರು, ಹೆಂಗಸರು, ಧಾರ್ಮಿಕ ಮುಖಂಡರು, ಅಧಿಕಾರಿಗಳು ಇರುವ ತಂಡವೊಂದು ತಡಮಾಡದೆ ಅಲ್ಲಿಗೆ ಹೋಗುತ್ತಿತ್ತು. ಸುದ್ದಿಗಿಂತ ಮೊದಲು ವದಂತಿ ಓಡುತ್ತದೆ, ವದಂತಿಗಿಂತ ಮೊದಲು ನಾವು ಓಡಬೇಕು ಎಂಬುದು ಈ ಏರ್ಪಾಡಿನ ಗುಟ್ಟು. ಒಳ್ಳೆಯ ಕೆಲಸ ಮಾಡಿದ ಗ್ರಾಮಾಧಿಕಾರಿಗಳಿಗೂ ಪೊಲೀಸರಿಗೂ ಶಾಂತಿ ಬಹುಮಾನ ಕೊಡುವ ಪದ್ಧತಿಯನ್ನೂ ತಂದರು. ಸರಕಾರ ಜನರಿಗೆ ಬಹುಮಾನ ಕೊಡುವುದನ್ನು ನೋಡಿದ್ದೇವೆ, ಜನ ಪೊಲೀಸರಿಗೆ ಬಹುಮಾನ ಕೊಟ್ಟದ್ದು ವಿಶೇಷವಲ್ಲವೇ? 1995ರಲ್ಲಿ ಈ ಗುಂಪುಗಳೆಲ್ಲ ಸೇರಿ ವಾಜಿರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿಯಾಗಿ ಜಿಲ್ಲಾಡಳಿತದ ಭಾಗವಾದವು. ಹೆಸರನ್ನು ಗಮನಿಸಿ. ಶಾಂತಿಯ ಪಕ್ಕದಲ್ಲೇ ಅಭಿವೃದ್ಧಿಯನ್ನೂ ಕೂರಿಸಿದ್ದಾರೆ.

ಹುಡುಗರನ್ನು ತಾಯಂದಿರು ಮತ್ತು ಹಿರಿಯರು ಹುಡುಕಿಕೊಂಡು ಹೋದ ಕಥೆ ಇದಾದರೆ, ಆಫ್ರಿಕಾದ ಇನ್ನೊಂದು ಬದಿಯಲ್ಲಿ, ನೈಜೀರಿಯಾದಲ್ಲಿ, ಹುಡುಗರನ್ನು ಕಾದಾಟಕ್ಕೆ ಕರೆದೊಯ್ದವರೇ ಹಿಂದಿರುಗಿ ಬಂದ ಕಥೆಯೊಂದಿದೆ. ಕಡೂನಾ ಎಂಬ ನಗರದಲ್ಲಿ ಮುಹಮ್ಮದ್ ಅಶಫಾ ಎಂಬ ಇಮಾಮರು, ಜೇಮ್ಸ್ ವುಯೆ ಎಂಬ ಪಾದ್ರಿ. ಇಬ್ಬರೂ ತಮ್ಮ ತಮ್ಮ ಧರ್ಮದ ಯುವಕರ ದಳಗಳನ್ನು ಮುನ್ನಡೆಸಿದವರು. 1992ರ ಗಲಭೆಯಲ್ಲಿ ಪಾದ್ರಿ ತನ್ನ ಬಲಗೈ ಕಳೆದುಕೊಂಡರು, ಇಮಾಮರು ಹತ್ತಿರದ ಇಬ್ಬರು ಬಂಧುಗಳನ್ನೂ ತಮ್ಮ ಗುರುಗಳನ್ನೂ ಕಳೆದುಕೊಂಡರು. 1995ರಲ್ಲಿ ಒಬ್ಬ ಪತ್ರಕರ್ತ ಇವರಿಬ್ಬರ ಕೈ ಹಿಡಿದು ಮುಖಾಮುಖಿ ಮಾಡಿಸಿದರು. ತಾಇಫ್‌ನಲ್ಲಿ ಕಲ್ಲೇಟು ತಿಂದೂ ಕ್ಷಮಿಸಿದ ಪ್ರವಾದಿ(ಸ)ಯವರ ಬಗ್ಗೆ ಜುಮಾ ಖುತ್ಬಾದಲ್ಲಿ ಕೇಳಿದ ಮಾತು ಅಶಫಾರವರ ಮನಸ್ಸನ್ನು ಅದಾಗಲೇ ಕಲಕಿತ್ತು. ಪಾದ್ರಿಗೆ ಮಾತ್ರ ದ್ವೇಷ ಆರಲು ವರ್ಷಗಳೇ ಬೇಕಾದವು. ಜೊತೆಯಾಗಿ ಪ್ರಯಾಣಿಸಿ ಒಂದೇ ಕೋಣೆಯಲ್ಲಿ ಮಲಗಿದ್ದಾಗ ದಿಂಬಿನಿಂದ ಇವನ ಉಸಿರುಗಟ್ಟಿಸಲೇ ಎಂದು ಯೋಚಿಸಿದ್ದೆ ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರ ತಾಯಿ ಕಾಯಿಲೆ ಬಿದ್ದಾಗ ಅಶಫಾ ಇತರ ಮುಸ್ಲಿಮರನ್ನು ಕರೆದುಕೊಂಡು ನೋಡಲು ಹೋದರು. ರೋಗಿಯನ್ನು ಸಂದರ್ಶಿಸುವ ಆ ಸಾಮಾನ್ಯ ಸುನ್ನತ್ತು ಉಪನ್ಯಾಸಗಳು ಮಾಡದ ಕೆಲಸವನ್ನು ಮಾಡಿತು. ಇಬ್ಬರೂ ಸೇರಿ ಕಡೂನಾದಲ್ಲಿ ಕಟ್ಟಿದ ಕೇಂದ್ರ ಎರಡೂ ಕಡೆಯ ಬೀದಿ ಹುಡುಗರನ್ನು ಒಟ್ಟು ಕೂರಿಸುವ ಕೆಲಸಕ್ಕೆ ಕೈ ಹಾಕಿತು. 2002ರ ಆಗಸ್ಟ್‌ನಲ್ಲಿ ಎರಡೂ ಧರ್ಮಗಳ ಮುಖಂಡರು ಸಹಿ ಹಾಕಿದ ಕಡೂನಾ ಶಾಂತಿ ಘೋಷಣೆಯ ಹಿಂದೆ ಇವರ ದುಡಿಮೆಯಿತ್ತು.

ಮುಗಿಯದ ಕೆಲಸ

ವಾಜಿರ್‌ಗೆ ಮರಳೋಣ. ಅಲ್ಲಿನ ಎಲ್ಲವೂ ಸುಖಾಂತ್ಯ ಕಂಡಿತೆಂದು ಬರೆದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. 1998ರ ಅಕ್ಟೋಬರ್‌ನಲ್ಲಿ ವಾಜಿರ್‌ನ ಬಗಲ್ಲಾ ಎಂಬಲ್ಲಿ ಗಡಿಯಾಚೆಯಿಂದ ಬಂದ ಸಶಸ್ತ್ರ ಗುಂಪು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 2014ರಲ್ಲಿ ಗರ್ರೆ ಮತ್ತು ದೆಗೋದಿಯಾ ಕುಲಗಳ ನಡುವೆ ಮತ್ತೆ ಕಾದಾಟವಾಗಿ ಸಾವಿರಾರು ಜನ ಮನೆ ಬಿಟ್ಟು ಓಡಿದರು. ನೀರು, ಹುಲ್ಲುಗಾವಲು, ಚುನಾವಣೆಯ ಕ್ಷೇತ್ರದ ಗೆರೆ, ಇವು ಮೂರೂ ಹಾಗೆಯೇ ಇರುವಾಗ ಜಗಳಕ್ಕೆ ನೆಪ ಸಿಗುವುದು ಕಷ್ಟವೇನಲ್ಲ. ಮನೆ ಗುಡಿಸಿದ ಹಾಗೆ ಇದು. ನಿನ್ನೆ ಗುಡಿಸಿದ್ದೇನೆಂದು ಇಂದು ಪೊರಕೆ ಮೂಲೆಗಿಡಲಾಗದು.

ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ವಾಜಿರ್‌ನ ಮಾದರಿ ಸುತ್ತಲಿನ ಜಿಲ್ಲೆಗಳಿಗೆ ಹಬ್ಬಿ, 2001ರಲ್ಲಿ ಮೊದೊಗಾಶೆ ಎಂಬಲ್ಲಿ ಹಿರಿಯರು ಒಂದು ದೊಡ್ಡ ಘೋಷಣೆ ಮಾಡಿದರು. ಕೊಲೆಯಾದವನು ಗಂಡಸಾದರೆ ನೂರು ಜಾನುವಾರು, ಹೆಂಗಸಾದರೆ ಐವತ್ತು ಎಂದು ಅದರಲ್ಲಿದೆ. ಹಳೆಯ ಸಂಪ್ರದಾಯವನ್ನೇ ಅವರು ಬರೆದಿಟ್ಟರು, ನಿಜ. ಆದರೆ ಶಾಂತಿಯ ಮೊದಲ ಕಲ್ಲನ್ನು ಇಟ್ಟವರು ಮಾರುಕಟ್ಟೆಯ ಹೆಂಗಸರು, ಒಪ್ಪಂದದ ಕಾಗದ ಬರೆಯುವಾಗ ಚಾಪೆಯ ಮಧ್ಯೆ ಕುಳಿತವರು ಗಂಡಸರು ಎಂಬುದು ಮನಸ್ಸಿಗೆ ಚುಚ್ಚುತ್ತದೆ. ಪರಿಹಾರವನ್ನು ಇಡೀ ಕುಲ ಹಂಚಿಕೊಂಡು ಕೊಡುವಾಗ ಗುಂಡು ಹಾರಿಸಿದ ಹುಡುಗನಿಗೆ ಅದರ ಭಾರ ತಟ್ಟುವುದಿಲ್ಲ, ನ್ಯಾಯಾಲಯವೂ ಬದಿಗೆ ಸರಿಯುತ್ತದೆ ಎಂಬ ಟೀಕೆಯೂ ಕೀನ್ಯಾದಲ್ಲೇ ಕೇಳಿಬಂದಿದೆ. ನನಗೆ ಅದು ಅಲ್ಲಗಳೆಯುವಂತಹ ಟೀಕೆಯಾಗಿ ಕಾಣುವುದಿಲ್ಲ.

ದೇಖಾರವರು ಅನಂತರ ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲೂ ಹೊರಗೂ ಈ ಕೆಲಸವನ್ನು ಕಲಿಸಿದರು. ಇತರರೊಡನೆ ಸೇರಿ ಬರೆದ ಪುಸ್ತಕವೊಂದು 2000ದಲ್ಲಿ ಪ್ರಕಟವಾಗಿ ಶಾಂತಿ ಕಾರ್ಯಕರ್ತರ ಕೈಪಿಡಿಯೇ ಆಯಿತು. ಕುರ್‌ಆನ್ ಹೇಳುವ ನಫ್ಸ್‌ನ ಮೂರು ಸ್ಥಿತಿಗಳನ್ನು, ಅಂದರೆ ಕೆಡುಕಿಗೆ ಎಳೆಯುವ ಮನಸ್ಸು, ತನ್ನನ್ನೇ ದೂರಿಕೊಳ್ಳುವ ಮನಸ್ಸು, ನೆಮ್ಮದಿ ಕಂಡ ಮನಸ್ಸು ಇವುಗಳನ್ನು, ಅವರು ತಮ್ಮ ತರಬೇತಿಯ ಭಾಗವಾಗಿ ಮಾಡಿಕೊಂಡಿದ್ದರು. ಜಗಳ ಬಿಡಿಸಲು ಹೋಗುವವನು ಮೊದಲು ತನ್ನೊಳಗಿನ ಜಗಳ ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. 2007ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಬದಲಿ ನೊಬೆಲ್ ಎಂದು ಜಗತ್ತು ಕರೆಯುವ ಪ್ರಶಸ್ತಿ ಅದು.

ಪ್ರಶಸ್ತಿ ಪಡೆದು ಬಂದ ಕೆಲವೇ ವಾರಗಳಲ್ಲಿ ಇಡೀ ಕೀನ್ಯಾ ಹತ್ತಿ ಉರಿಯಿತು. 2007ರ ಡಿಸೆಂಬರ್ ಕೊನೆಯಲ್ಲಿ ನಡೆದ ಅಧ್ಯಕ್ಷ ಚುನಾವಣೆಯ ಫಲಿತಾಂಶದ ಬಗ್ಗೆ ವಿವಾದವೆದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ನಿರ್ವಸಿತರಾದರು. ಬೀದಿಯಲ್ಲಿ ಮಚ್ಚು ಹಿಡಿದವರಲ್ಲಿ ಬಹುಪಾಲು ಕೆಲಸವಿಲ್ಲದ ತರುಣರು. ಡಿಸೆಂಬರ್ 31ರಂದೇ ನೈರೋಬಿಯಲ್ಲಿ ದೇಖಾ, ಇಬ್ಬರು ನಿವೃತ್ತ ಸೇನಾಧಿಕಾರಿಗಳು, ಒಬ್ಬ ಹಿರಿಯ ರಾಯಭಾರಿ ಮತ್ತು ಇನ್ನಿತರರು ಸೇರಿ ನಾಗರಿಕರ ಒಂದು ಶಾಂತಿ ವೇದಿಕೆಯನ್ನು ಕಟ್ಟಿದರು. ಬೇರೆ ಬೇರೆ ಊರುಗಳಲ್ಲಿ ಯಾರು ಯಾರನ್ನು ಮಾತಾಡಿಸಬಲ್ಲರು ಎಂದು ಹುಡುಕುವುದು ಅವರ ಕೆಲಸ. ವಾಜಿರ್‌ನ ಮದುವೆ ಮನೆಯಲ್ಲಿ ಮಾಡಿದ್ದನ್ನೇ ದೇಶದ ಮಟ್ಟದಲ್ಲಿ ಮಾಡಿದಂತೆ. ಕೋಫಿ ಅನ್ನಾನ್‌ರ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರವರಿ 28ರಂದು ರಾಜಕೀಯ ಒಪ್ಪಂದವಾಯಿತು. ಹಿಂದೆ ಉತ್ತರದ ಒಣನಾಡಿಗೆ ಮಾತ್ರ ಸೀಮಿತವಾಗಿದ್ದ ಶಾಂತಿ ಸಮಿತಿಗಳನ್ನು ದೇಶದ ಇತರ ಜಿಲ್ಲೆಗಳಲ್ಲೂ ಕಟ್ಟುವ ಕೆಲಸ ಅದಾದ ಮೇಲೆ ನಡೆಯಿತು.

2011ರ ಜುಲೈಯಲ್ಲಿ ದೇಖಾ ತಮ್ಮ ಪತಿಯೊಡನೆ ಪ್ರಯಾಣಿಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಪತಿ ತೀರಿಕೊಂಡರು. ಕೆಲವು ದಿನಗಳ ಚಿಕಿತ್ಸೆಯ ನಂತರ ನೈರೋಬಿಯಲ್ಲಿ ದೇಖಾರವರೂ ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಅವರಿಲ್ಲದ ಮೇಲಿನ ವರ್ಷಗಳಲ್ಲಿ ಆ ಪ್ರದೇಶದ ಹುಡುಗರ ಬಳಿ ಬಂದೂಕು ಹಿಡಿದು ಬಂದವರು ಬೇರೆಯೇ ಜನ. ಸೋಮಾಲಿಯಾದ ಅಲ್ ಶಬಾಬ್ ಗುಂಪು ದೀನಿನ ಹೆಸರು ಹೇಳಿಕೊಂಡು ಕೀನ್ಯಾದ ನಿರುದ್ಯೋಗಿ ತರುಣರನ್ನು ಸೆಳೆಯಿತು. ವಾಜಿರ್‌ನ ನೆರೆಯ ಮಂದೆರಾದಲ್ಲಿ 2014ರ ನವೆಂಬರ್‌ನಲ್ಲಿ ಬಸ್ಸೊಂದನ್ನು ತಡೆದು ಮುಸ್ಲಿಮೇತರ 28 ಪ್ರಯಾಣಿಕರನ್ನು ಬೇರ್ಪಡಿಸಿ ಕೊಂದರು. 2015ರ ಏಪ್ರಿಲ್ 2ರಂದು ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ 148 ಜನರನ್ನು ಕೊಂದರು, ಹೆಚ್ಚಿನವರು ವಿದ್ಯಾರ್ಥಿಗಳು. ಯಾರದೋ ಮಕ್ಕಳು ಯಾರದೋ ಮಕ್ಕಳನ್ನು ಕೊಂದದ್ದು.

ಅದೇ ವರ್ಷ ಡಿಸೆಂಬರ್ 21ರಂದು ಮಂದೆರಾಕ್ಕೆ ಹೋಗುತ್ತಿದ್ದ ಇನ್ನೊಂದು ಬಸ್ಸನ್ನು ಅವರು ತಡೆದರು. ಮುಸ್ಲಿಮರು ಒಂದು ಕಡೆ, ಕ್ರೈಸ್ತರು ಇನ್ನೊಂದು ಕಡೆ ನಿಲ್ಲಿ ಎಂದು ಆಜ್ಞಾಪಿಸಿದರು. ಬಸ್ಸಿನಲ್ಲಿದ್ದ ಮುಸ್ಲಿಮರು ಬೇರೆಯಾಗಿ ನಿಲ್ಲಲು ಒಪ್ಪಲಿಲ್ಲ. ಕೊಲ್ಲುವುದಾದರೆ ಎಲ್ಲರನ್ನೂ ಕೊಲ್ಲಿ, ಇಲ್ಲವೇ ಬಿಟ್ಟು ಹೋಗಿ ಎಂದರು. ದಾಳಿಕೋರರು ಬಸ್ಸಿನತ್ತ ಬರುತ್ತಿರುವಾಗಲೇ ಮುಸ್ಲಿಮ್ ಹೆಂಗಸರು ತಮ್ಮಲ್ಲಿದ್ದ ತಲೆವಸ್ತ್ರಗಳನ್ನು ಪಕ್ಕದಲ್ಲಿದ್ದ ಕ್ರೈಸ್ತ ಹೆಂಗಸರಿಗೆ ಹೊದಿಸಿಬಿಟ್ಟಿದ್ದರು. ಆ ದಿನ ಇಬ್ಬರು ಸತ್ತರು, ಉಳಿದವರು ಬದುಕಿದರು. ಬೇರೆಯಾಗಿ ನಿಲ್ಲಲು ಒಪ್ಪದವರಲ್ಲಿ ಒಬ್ಬರಾದ ಸಲಾಹ್ ಫರಾಹ್ ಎಂಬ ಶಾಲಾ ಶಿಕ್ಷಕರಿಗೆ ಗುಂಡು ತಗಲಿತ್ತು. ಮರು ತಿಂಗಳು, 2016ರ ಜನವರಿಯಲ್ಲಿ, ನೈರೋಬಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.